ಇಬ್ಬರೂ ಕಂಡ ಹಕ್ಕಿಗಳು

ಜನವರಿ ೫. ಬೆಳಿಗ್ಗೆ

ಟೆರೇಸಿಗೆ ಹೋಗಿಬಂದೆ. ಕಾಗೆಗಳು ಎಂದಿನಂತೆ. ಮುನಿಯ ಎರಡು. ಪಾರಿವಾಳ ಲೆಕ್ಕಕ್ಕಿಲ್ಲ, ಅವು ಹಕ್ಕಿಗಳಲ್ಲ, ಬಾಡಿಗೆ ಕೊಡದ ಬಾಡಿಗೆದಾರರು. ಬೈನಾಕ್ಯುಲರಿನ ಪಟ್ಟಿ ಮತ್ತೆ ಕಿತ್ತುಬಂತು. ಒಂದು ಹೊಲಿಗೆ ಹಾಕಿದರೆ ಸಾಕು. ಹಾಕುವವಳು ಇಲ್ಲ. ಸೂಜಿ ಯಾವ ಡಬ್ಬದಲ್ಲಿದೆ ಎಂದೂ ಹೇಳಿಹೋಗಲಿಲ್ಲ. ಗಂಟು ಬಿಗಿದೆ.

ಇಳಿಯುವಷ್ಟರಲ್ಲಿ ಫೋನು. ಪಕ್ಷಿವೀಕ್ಷಕರ ಸಂಘದ ಕಾರ್ಯದರ್ಶಿ. ಹಿಂದೆ ಔಷಧಿ ಅಂಗಡಿ ಇಟ್ಟಿದ್ದವನು. ಈಗಲೂ "ಊಟ ಆದ ಮೇಲೆ ಒಂದು" ಎನ್ನುವ ಧಾಟಿಯಲ್ಲೇ ಮಾತು.

"ಸರ್, ವಾರ್ಷಿಕ ಸಭೇಲಿ ಒಂದು ಸೆಷನ್ ಇಟ್ಟಿದೀವಿ. 'ಐನೂರು ಹಕ್ಕಿಗೆ ಎಷ್ಟು ವರ್ಷ?' ಅಂತ. ಹೊಸಬರೆಲ್ಲ ಬಂದ ದಿನಾನೇ ಅದನ್ನ ಕೇಳ್ತಾರೆ. ನೀವು ಹಿರಿಯರು, ಮಾತಾಡಬೇಕು."

"ನನ್ನದು ಐನೂರು ಆಗಿಲ್ಲ."

"ಎಷ್ಟಾಗಿದೆ?"

"ನಾನೂರ ಎಂಬತ್ತೇಳು."

"ಅಯ್ಯೋ, ಇನ್ನು ಹದಿಮೂರು ತಾನೇ! ಸಭೆ ಇರೋದು ಫೆಬ್ರವರಿ ಕೊನೇ ಭಾನುವಾರ. ಅಷ್ಟರಲ್ಲಿ ಮುಗಿಸಿಬಿಡಿ. ಐನೂರು ದಾಟಿದವರ ಬೋರ್ಡಿಗೆ ನಿಮ್ಮ ಹೆಸರೂ ಬರೆಸಿಬಿಡೋಣ."

ಮುಗಿಸಿಬಿಡಿ! ಕೋರ್ಸು ಮುಗಿಸುವುದಕ್ಕೆ ಇದೇನು ಮಾತ್ರೆಯೇ?

ನನ್ನ ಜೊತೆ ಮಾತಾಡುವ ಇನ್ನೊಬ್ಬ ಯಾರು ಎಂದು ಕೇಳಿದೆ. ಆ ಹಲ್ಲಿನ ಡಾಕ್ಟರಂತೆ. ಫಿರಂಗಿ. ಅವನ ಕ್ಯಾಮೆರಾದ ಲೆನ್ಸು ನೋಡಿ ನಾನೇ ಇಟ್ಟ ಹೆಸರು. ಕೋಟೆ ಒಡೆಯುವಷ್ಟು ಉದ್ದ. ಅವನದು ಐನೂರ ಹನ್ನೆರಡು ಆಯಿತಂತೆ. ಮೂರು ವರ್ಷದಲ್ಲಿ.

ನನಗೆ ಹಿಡಿದದ್ದು ಮೂವತ್ತನಾಲ್ಕು ವರ್ಷ. ಇನ್ನೂ ಹದಿಮೂರು ಬಾಕಿ. ಹೋಗಿ ವೇದಿಕೆ ಮೇಲೆ ಪಕ್ಕಪಕ್ಕ ಕೂತು ಹಲ್ಲು ಕಿರಿಯಬೇಕು. ಐ ಬೆಗ್ ಟು ಸ್ಟೇಟ್ ದಟ್... ಏನೋ ಇತ್ತು ಮುಂದೆ. ರಜಾ ಅರ್ಜಿ ಬರೆಯುವುದು ಹಾಗೆ ಎಂದು ಕಾಲೇಜಿನಲ್ಲಿ ಕಲಿಸಿದ್ದರು. ಬರುವುದಿಲ್ಲ ಎಂದು ಬರೆಯುವುದು ಹೇಗೆಂದು ಕಲಿಸಲಿಲ್ಲ.

ಜನವರಿ ೫. ಸಂಜೆ

ಸಿಟ್ಟು ಇಳಿದಿಲ್ಲ. ಬರೆದರೆ ಇಳಿಯಬಹುದು.

ಮೊದಲ ನೂರು ಹಕ್ಕಿ ಯಾರಿಗಾದರೂ ಬರುತ್ತದೆ. ಬೀದಿ, ಕೆರೆ, ಒಂದು ಗುಡ್ಡ, ಮುಗಿಯಿತು. ಇನ್ನೂರಕ್ಕೆ ರಜೆ ಖರ್ಚಾಗುತ್ತದೆ. ಮುನ್ನೂರಕ್ಕೆ ಸಂಬಳ. ನಾನೂರು ದಾಟಿದ ಮೇಲೆ ಒಂದೊಂದಕ್ಕೂ ಬಸ್ಸು, ಚಳಿ, ಕೆಸರು, ತಪ್ಪಿದ ಊಟ. ಕೆಲವು ವರ್ಷ ಎರಡೇ ಎರಡು. ಒಂದು ವರ್ಷ ಸೊನ್ನೆ. ಮಗಳಿಗೆ ಕಾಮಾಲೆ ಆಗಿದ್ದ ವರ್ಷ. ಇದನ್ನು ಆ ಹೊಸಬರಿಗೆ ಹೇಳಿದರೆ ಫೋನು ನೋಡುತ್ತಾ ಕೂರುತ್ತಾರೆ.

ಅದೂ ಎಲ್ಲರ ಲೆಕ್ಕವಾದರೆ. ನನ್ನ ಲೆಕ್ಕ ಬೇರೆ. ಇವಳು ಮಾಡಿದ ಲೆಕ್ಕ.

ಮದುವೆಯಾದ ಎರಡನೇ ವಾರ ಹೆಮ್ಮೆಯಿಂದ ನನ್ನ ಪಟ್ಟಿ ತೋರಿಸಿದೆ. ಅರವತ್ತೊಂದು ಹಕ್ಕಿ. ಪೂರ್ತಿ ಓದಿದಳು. "ಇದರಲ್ಲಿ ನಾನೆಲ್ಲಿದೀನಿ?" ಅಂದಳು. ನೀನಾಗ ಇರಲಿಲ್ಲವಲ್ಲ ಎಂದೆ. "ಹಾಗಾದ್ರೆ ಸೊನ್ನೆಯಿಂದ ಶುರು. ಇಬ್ಬರೂ ಕಂಡರೆ ಮಾತ್ರ ಬರೀಬೇಕು. ಒಬ್ಬರೇ ಕಂಡಿದ್ದು ಗಾಸಿಪ್ಪು."

ಹೊಸ ಹೆಂಡತಿ. ನಕ್ಕು ಒಪ್ಪಿಬಿಟ್ಟೆ. ಅಲ್ಲಿಗೆ ಮುಗಿಯಿತು ನನ್ನ ಕಥೆ.

ತೂಕ-ಅಳತೆ ಇಲಾಖೆಯ ಇನ್‌ಸ್ಪೆಕ್ಟರ್ ಆಗಿದ್ದವನು ನಾನು. ಸಂತೆ ಸಂತೆ ಸುತ್ತಿ ತಕ್ಕಡಿಗೆ ಮುದ್ರೆ ಒತ್ತುವ ಕೆಲಸ. ಸುತ್ತಾಟದಲ್ಲಿ ಕಂಡ ಹಕ್ಕಿ ಒಂದೇ ಎರಡೇ? ಉಪ್ಪಿನ ಗೋದಾಮಿನ ಹಿಂದೆ ಕಪ್ಪು ಕೊಕ್ಕರೆ ಕಂಡೆ. ಕೈಗೆ ಸಿಗುವಷ್ಟು ಹತ್ತಿರ. ಲೆಕ್ಕಕ್ಕಿಲ್ಲ. ರಜೆ ಹಾಕಿ ಇವಳನ್ನು ಕರೆದುಕೊಂಡು ಹೋದರೆ ಬರೀ ಉಪ್ಪು. ಹೀಗೆ ನಲವತ್ತರ ಮೇಲಿವೆ, ನಾನೊಬ್ಬನೇ ಕಂಡವು. ಎಲ್ಲ ಗಾಸಿಪ್ಪು.

ಇನ್ನು ಜೊತೆಗೆ ಹೋದಾಗಲಾದರೂ ಸುಖವೇ? ನಾನು ಬೆರಳು ತೋರಿಸುವುದು, ಅವಳು "ಎಲ್ಲಿ? ಎಲ್ಲಿ?" ಎನ್ನುವುದು, ಹಕ್ಕಿ ಹಾರುವುದು. "ಆ ಕೊಂಬೆ ಕಣೇ!" "ಯಾವ ಕೊಂಬೆ? ಮರದ ತುಂಬ ಕೊಂಬೆನೇ ಇವೆ." ಮನೆಗೆ ಬರುವವರೆಗೆ ಮಾತಿಲ್ಲ.

ಈಗ ಅವಳಿಲ್ಲ. ಕಳೆದ ಮಾರ್ಚಿಗೆ ಎದೆ ಹಿಡಿದುಕೊಂಡು ಹೋದಳು. ನಾನೂರ ಎಂಬತ್ತೇಳಕ್ಕೆ ನಿಂತಿದೆ. ಅದು ಇನ್ನು ಎಂಬತ್ತೆಂಟು ಆಗುವುದು ಹೇಗೆ? ಕಾನೂನು ಮಾಡಿದವಳು ತಿದ್ದುಪಡಿ ಮಾಡದೆ ಎದ್ದುಹೋದಳು.

ಜನವರಿ ೧೮

ಭಾನುವಾರ. ಮಗಳು ಬಂದಿದ್ದಳು. ಬ್ಯಾಂಕಿನ ಕೌಂಟರಿನಲ್ಲಿ ಕೂರುವವಳು, ಮನೆಯಲ್ಲೂ ಹಾಗೇ. ಮುಂದಿನವರು ಯಾರು, ಬೇಗ ಹೇಳಿ.

ಕಾರ್ಯದರ್ಶಿ ಅವಳಿಗೂ ಫೋನು ಮಾಡಿದ್ದಾನೆ! ನನ್ನ ಬಾಯಿ ಮುಚ್ಚಿಸಲು ಮಗಳು ಬೇರೆ.

"ಅಪ್ಪಾ, ನೀವೊಬ್ರೇ ನೋಡಿದ್ದು ನಲವತ್ತಿವೆ ಅಂತೀರ. ಅದರಲ್ಲಿ ಹದಿಮೂರು ಸೇರಿಸಿ ಬರೀರಿ. ಸುಳ್ಳೇನಲ್ವಲ್ಲ."

"ನಿನ್ನಮ್ಮ ಕಂಡಿಲ್ಲ."

"ಅಮ್ಮ ಇಲ್ಲ ಅಪ್ಪಾ."

"ಅಂಗಡಿಯವನು ಸತ್ತ ಅಂತ ಕೇಜಿಗೆ ಒಂಬೈನೂರು ಗ್ರಾಂ ಮಾಡ್ತಾರೇನೇ?"

"ಅಮ್ಮ ಏನು ತೂಕದ ಕಲ್ಲಾ?" ಎಂದಳು. ಎದ್ದು ಹೋಗಿ ಪಾತ್ರೆ ತೊಳೆಯತೊಡಗಿದಳು. ಅಷ್ಟು ಸದ್ದು ಮಾಡಿ ಯಾರೂ ಪಾತ್ರೆ ತೊಳೆಯುವುದಿಲ್ಲ. ಅವಳಮ್ಮನನ್ನು ಬಿಟ್ಟರೆ.

ಹೊರಡುವಾಗ ಬಾಗಿಲಲ್ಲಿ ನಿಂತು, "ಆ ಬೋರ್ಡಿನಲ್ಲಿ ನಿಮ್ಮ ಹೆಸರು ನೋಡಬೇಕು ಅಂತ ಅಮ್ಮಂಗೆ ಎಷ್ಟು ಆಸೆ ಇತ್ತು ಗೊತ್ತಾ?" ಅಂದಳು.

ನನಗೆ ಹೇಳಿರಲಿಲ್ಲ. ಇವರಿಬ್ಬರೂ ನನ್ನ ಬೆನ್ನ ಹಿಂದೆ ಇನ್ನೇನೇನು ಮಾತಾಡಿಕೊಂಡಿದ್ದರೋ.

ಜನವರಿ ೩೧

ಬರೆಯಲು ನಾಚಿಕೆ. ಫಿರಂಗಿಯ ಕಾರಿನಲ್ಲಿ ಹೋಗಿಬಂದೆ.

ಬೆಳಿಗ್ಗೆ ಮನೆ ಮುಂದೆ ಬಂದು ಹಾರ್ನು. "ಬನ್ನಿ ಅಂಕಲ್, ಒಂದು ದಿನದಲ್ಲಿ ಏಳೆಂಟು ಕೊಡಿಸ್ತೀನಿ." ಕೊಡಿಸುತ್ತಾನಂತೆ! ಹಲ್ಲು ಕಟ್ಟಿಸಿಕೊಡುವವನ ಹಾಗೆ. ಬರುವುದಿಲ್ಲ ಎಂದು ಹೇಳಲು ಬಾಯಿ ತೆರೆದೆ. ಕಾಲು ಆಗಲೇ ಶೂ ಹುಡುಕುತ್ತಿತ್ತು. ಹತ್ತು ತಿಂಗಳಾಯಿತು ಊರು ಬಿಟ್ಟು.

ಅವನ ವಿಧಾನ ಹೀಗೆ. ಫೋನಿನಲ್ಲಿ ಸಂದೇಶ ಬರುತ್ತದೆ, ಇಂಥ ಹಕ್ಕಿ ಇಂಥ ಕಡೆ. ಕಾರು ನಿಲ್ಲಿಸುತ್ತಾನೆ. ಸ್ಪೀಕರಿನಲ್ಲಿ ಅದರ ಕೂಗು ಹಾಕುತ್ತಾನೆ. ಬೇರೆ ಗಂಡು ಬಂತು ಎಂದು ಆ ಬಡಪಾಯಿ ಎದೆ ಉಬ್ಬಿಸಿಕೊಂಡು ಜಗಳಕ್ಕೆ ಬರುತ್ತದೆ. ಕಟಕಟಕಟ... ಇನ್ನೂರು ಫೋಟೋ. ಮುಂದಿನ ಹಕ್ಕಿ!

ಒಂದು ಪುಟ್ಟ ಉಲಿಹಕ್ಕಿ ಹಾಗೆ ನಾಲ್ಕು ಸಲ ಬಂತು. ಬಂದು ಸ್ಪೀಕರನ್ನೇ ಸುತ್ತಿತು. ಐದನೇ ಸಲ ಹಾಕಲು ಹೋದ. ಪಿತ್ತ ನೆತ್ತಿಗೇರಿತು.

"ನಿಲ್ಲಿಸ್ರೀ! ಅದಕ್ಕೆ ಮನೆ-ಮಠ ಇಲ್ವಾ?"

"ಎರಡೇ ನಿಮಿಷ ಅಂಕಲ್, ಲೈಟು ಸರಿ ಬರ್ತಿಲ್ಲ."

"ನಿಮ್ಮ ಮನೆ ಮುಂದೆ ಬಂದು ದಿನಾ ಒಬ್ಬ ನಿಮ್ಮದೇ ದನೀಲಿ ಕೂಗಿದ್ರೆ?"

ಅವನು ಸ್ಪೀಕರ್ ಆಫ್ ಮಾಡಿದ. "ನಮ್ಮ ಮನೇಲಿ ನಾನೊಬ್ನೇ ಅಂಕಲ್. ಯಾರು ಕೂಗಿದ್ರೂ ನಡೆಯತ್ತೆ" ಅಂದ. ಹೆಂಡತಿ ಬಿಟ್ಟುಹೋಗಿ ಮೂರು ವರ್ಷವಂತೆ. ಭಾನುವಾರ ಮನೆಯಲ್ಲಿ ಕೂರಲಾಗದೆ ಕ್ಯಾಮೆರಾ ಕೊಂಡನಂತೆ.

ಅದಕ್ಕೂ ಸಿಟ್ಟು ಬಂತು. ಅವನ ಮೇಲೆ ನೆಮ್ಮದಿಯಾಗಿ ಸಿಟ್ಟು ಮಾಡಿಕೊಳ್ಳುವ ಅನುಕೂಲವೂ ಹೋಯಿತು.

ಆಮೇಲೆ ಜೌಗು. ಎದೆಮಟ್ಟ ಆಪುಹುಲ್ಲು. ಅದರೊಳಗಿರುವ ಜೌಗುಕೋಳಿ ಇವನಿಗೂ ಸಿಕ್ಕಿಲ್ಲವಂತೆ. ಕೂಗು ಹಾಕಿದ. ಬಾಚಣಿಗೆಯ ಹಲ್ಲು ಉಗುರಿನಿಂದ ಎಳೆದಂತೆ, ಟ್ರ್‌ರ್... ಟ್ರ್‌ರ್. ಹುಲ್ಲಿನೊಳಗಿಂದ ಒಂದೇ ಒಂದು ಸಲ ಉತ್ತರ ಬಂತು. ನಾನು ಬೈನಾಕ್ಯುಲರ್ ಎತ್ತಿ ನೋಡಿದೆ.

"ಅಂಕಲ್, ಆ ಕಡೆ ಅಲ್ಲ, ಈ ಕಡೆ! ನಿಮಗೆ ದಿಕ್ಕು ಗೊತ್ತಾಗ್ಲಿಲ್ವಾ?"

"ಗೊತ್ತಾಯ್ತು."

ಗೊತ್ತಾಗಲಿಲ್ಲ. ಕಾಣಲೂ ಇಲ್ಲ. ಸಂಘದ ನಿಯಮ, ಕೇಳಿದ್ದು ಲೆಕ್ಕಕ್ಕಿಲ್ಲ, ಕಂಡಿರಬೇಕು. ನಮ್ಮ ಮನೆಯ ನಿಯಮವೂ ಅದೇ.

ಒಟ್ಟು ಹೊಸವು ಆರು ಕಂಡವು. ಅವನು ಎಣಿಸಿ ಎಣಿಸಿ ಹೇಳಿದ. ಬರ್ಕೊಳ್ಳಿ ಅಂಕಲ್, ಬರ್ಕೊಳ್ಳಿ.

ಫೆಬ್ರವರಿ ೨

ಬರೆಯಲು ಕೂತೆ. ೪೮೮ ಎಂದು ಬರೆದೆ. ಮುಂದೆ ಹಕ್ಕಿಯ ಹೆಸರು ಬರಲಿಲ್ಲ. ಅಂಕಿಯನ್ನು ಹೊಡೆದುಹಾಕಿದೆ.

ಏನು ಅಂದುಕೊಂಡಿದ್ದಾಳೆ ಇವಳು? ಮದುವೆಗೆ ಮೊದಲಿನ ಅರವತ್ತೊಂದು ತಿಂದಳು. ಸರ್ವಿಸಿನ ನಲವತ್ತು ತಿಂದಳು. ಈಗ ಹೋದ ಮೇಲೂ ಪೆನ್ನು ಹಿಡಿದುಕೊಂಡಿದ್ದಾಳೆ. ಚರ್ಚಿನ ಮದುವೆಯಲ್ಲಿ ಫಾರ್ ಬೆಟರ್ ಆರ್ ವರ್ಸ್ ಎಂದು ಏನೋ ಹೇಳುತ್ತಾರಲ್ಲ, ಅದರಲ್ಲಿ ಬೆಟರ್ ಯಾವುದು, ನನಗೆ ಬಂದದ್ದು ಯಾವುದು?

ಹಾಲು ಉಕ್ಕಿ ಒಲೆಯೆಲ್ಲ ಹಾಳಾಯಿತು. ಒರೆಸಲಿಲ್ಲ.

ಫೆಬ್ರವರಿ ೮

ಪೆನ್ನು ಒತ್ತಿ ಒಂದು ಹಾಳೆ ಹರಿಯಿತು. ಇದು ಎರಡನೆಯದು.

ಮಗಳು ಬಂದಳು. ಒಲೆ ನೋಡಿ ಮುಖ ಗಂಟಿಕ್ಕಿ ಉಜ್ಜತೊಡಗಿದಳು. ಆರು ಹಕ್ಕಿ ಬರೆದಿರಾ ಎಂದಳು. ಇಲ್ಲ ಎಂದೆ. ಬರೆಯಿರಿ ಎಂದಳು. ಮಾತಿಗೆ ಮಾತು ಬೆಳೆಯಿತು. ನಾನು ಅಂದೆ, "ನಿನ್ನಮ್ಮ ಇನ್ನೊಂದು ವರ್ಷ ಇದ್ದಿದ್ರೆ ಐನೂರು ತಾನಾಗೇ ಆಗ್ತಿತ್ತು. ಕೊನೆಕೊನೆಗೆ ಎಷ್ಟು ಚುರುಕಾಗಿದ್ದಳು! ಮೂವತ್ತೆರಡು ವರ್ಷ ಎಲ್ಲಿ ಎಲ್ಲಿ ಅಂದವಳು, ಆ ಹೊಸ ಬೈನಾಕ್ಯುಲರ್ ಕೊಡಿಸಿದ ಮೇಲೆ ನಾನು ಬೆರಳೆತ್ತೋ ಮೊದಲೇ 'ಹೂಂ, ಕಂಡೆ' ಅಂತಿದ್ದಳು. ಎರಡು ವರ್ಷದಲ್ಲಿ ಇಪ್ಪತ್ತೆರಡು ಹಕ್ಕಿ!"

ಮಗಳು ಉಜ್ಜುವುದನ್ನು ನಿಲ್ಲಿಸಿದಳು.

"ಅಪ್ಪಾ, ಅಮ್ಮಂಗೆ ಕಾಣ್ತಾ ಇರಲಿಲ್ಲ."

"ಏನು?"

"ಕಣ್ಣಿನ ನರ ಒಣಗ್ತಿತ್ತು. ಎರಡೂ ಕಣ್ಣು. ಡಾಕ್ಟರ ಹತ್ರ ನಾನೇ ಕರ್ಕೊಂಡು ಹೋಗಿದ್ದೆ. ನಡುವೆ ಒಂದು ದೊಡ್ಡ ಮಸಿಬೊಟ್ಟು, ಸುತ್ತ ಸ್ವಲ್ಪ ಬೆಳಕು, ಅಷ್ಟೇ. ಓಡಾಡೋಕೆ ಸಾಕು. ಹಕ್ಕಿ ಎಲ್ಲ ಕಾಣಲ್ಲ. ಹೊಲಿಗೆ ಮಷಿನ್ ಯಾಕೆ ಮಾರಿದಳು ಅಂದ್ಕೊಂಡ್ರಿ?"

"ಬೆನ್ನು ನೋವು ಅಂದಿದ್ದಳು."

"ನಿಮಗೆ ಹೇಳಬೇಡ ಅಂತ ಆಣೆ ಹಾಕಿಸಿಕೊಂಡಿದ್ದಳು. ಹೇಳಿದ್ರೆ ಆ ಮನುಷ್ಯ ಮನೆ ಬಿಟ್ಟು ಹೊರಡೋದೇ ನಿಲ್ಲಿಸಿಬಿಡ್ತಾನೆ ಅಂದಳು."

ಇಪ್ಪತ್ತೆರಡು! ಇಪ್ಪತ್ತೆರಡು ಸಲ ನನ್ನ ಮುಖ ನೋಡಿ ಕಂಡೆ ಅಂದಿದ್ದಾಳೆ. ಒಮ್ಮೆ, "ಬಾಲದ ಕೆಳಗೆ ಎಂಥ ಕೆಂಪು ಅಲ್ವಾ" ಎಂದೂ ಹೇಳಿದ್ದಳು. ಪುಸ್ತಕದಲ್ಲಿ ನಾನೇ ಓದಿ ಹೇಳಿದ್ದನ್ನು ನನಗೇ ಒಪ್ಪಿಸಿದ್ದಾಳೆ! ಕಳ್ಳ ತಕ್ಕಡಿ ಎಷ್ಟು ನೋಡಿಲ್ಲ ನಾನು. ತಟ್ಟೆಯ ಅಡಿಗೆ ಮೇಣ ಅಂಟಿಸಿದವನನ್ನು, ದಂಡಿಗೆಯೊಳಗೆ ಪಾದರಸ ಇಟ್ಟವನನ್ನು, ನಿಂತ ಕಡೆಯೇ ಹಿಡಿದಿದ್ದೇನೆ. ಮನೆಯೊಳಗಿನದು ಹಿಡಿಯಲಾಗಲಿಲ್ಲ.

ಮಗಳನ್ನು ಹೋಗು ಎಂದೆ. ಗಟ್ಟಿಯಾಗಿಯೇ ಎಂದೆ.

ಫೆಬ್ರವರಿ ೯

ಕಣ್ಣಿನ ಆಸ್ಪತ್ರೆಗೆ ಹೋದೆ. ಮಗಳು ಹೇಳಿದ್ದು ನಿಜವೋ ಸುಳ್ಳೋ ನೋಡಬೇಕಲ್ಲ. ಗಾಜಿನ ಹಿಂದಿನ ಹುಡುಗಿ ಕಂಪ್ಯೂಟರಿನಿಂದ ತಲೆ ಎತ್ತಲಿಲ್ಲ.

"ರಿಪೋರ್ಟು ಬೇರೆಯವರಿಗೆ ಕೊಡಲ್ಲ. ಪೇಷೆಂಟೇ ಬರಬೇಕು ಸಾರ್."

"ಬರೋಕಾಗಲ್ಲ."

"ಯಾಕೆ, ಹುಷಾರಿಲ್ವಾ?"

"ಹೂಂ."

"ಹಾಗಾದ್ರೆ ಹುಷಾರಾದ ಮೇಲೆ ಕರ್ಕೊಂಡು ಬನ್ನಿ."

ಹೊರಗೆ ಬಂದು ಮೆಟ್ಟಿಲ ಮೇಲೆ ನಿಂತೆ. ನನ್ನಂತೆ ಇನ್ನೂ ನಾಲ್ಕು ಜನ ಗಂಡಸರು ನಿಂತಿದ್ದರು. ಒಳಗೆ ಹೆಂಡತಿಗೆ ಡ್ರಾಪ್ಸು ಹಾಕಿ ಕೂರಿಸಿರುತ್ತಾರೆ, ಅದಕ್ಕೆ ಕಾಯುವವರು. ನಾನೂ ಸ್ವಲ್ಪ ಹೊತ್ತು ಅವರ ಜೊತೆ ನಿಂತೆ. ಒಬ್ಬ ಟೈಮೆಷ್ಟು ಎಂದು ಕೇಳಿದ. ಹೇಳಿದೆ.

ಫೆಬ್ರವರಿ ೧೦

ಕೆಂಪು ಪೆನ್ನು. ಅಡ್ಡಗೆರೆ. ಇಪ್ಪತ್ತೆರಡು.

ನಿಯಮ ಎಂದರೆ ನಿಯಮ. ಅವಳದೇ.

ನಾನೂರ ಅರವತ್ತೈದು.

ಫೆಬ್ರವರಿ ೨೨. ಭಾನುವಾರ. ಸಂಜೆ

ಸಭೆ ಆಯಿತು. ಮಾನ ಹರಾಜಾಯಿತು. ನನ್ನದೋ ಬೇರೆಯವರದೋ ತಿಳಿಯುತ್ತಿಲ್ಲ.

ಹೋಗಬಾರದು ಎಂದೇ ಇದ್ದೆ. ಕಾರ್ಯದರ್ಶಿ ಆಟೋ ಕಳಿಸಿದ. ಹಾಲಿನ ತುಂಬ ಪ್ಲಾಸ್ಟಿಕ್ ಕುರ್ಚಿ. ಗೋಡೆ ಮೇಲೆ ಆ ಮರದ ಬೋರ್ಡು, ಬಂಗಾರದ ಬಣ್ಣದಲ್ಲಿ ಒಂಬತ್ತು ಹೆಸರು. ಹತ್ತನೆಯದಾಗಿ ಫಿರಂಗಿಯದು, ಬಣ್ಣ ಇನ್ನೂ ಹಸಿ. ಅದರ ಕೆಳಗೆ ಪೆನ್ಸಿಲಿನಲ್ಲಿ ಎರಡು ಗೆರೆ ಎಳೆದು ಜಾಗ ಬಿಟ್ಟಿದ್ದರು. ನನಗೆ.

ಹಿಂದಿನ ಸಾಲಿನಲ್ಲಿ ಮಗಳು, ಅಳಿಯ. ಮಾತು ಬಿಟ್ಟು ಎರಡು ವಾರ. ಆದರೂ ಬಂದಿದ್ದಳು.

ಫಿರಂಗಿ ಚೆನ್ನಾಗಿಯೇ ಮಾತಾಡಿದ, ಹಾಳಾದವನು. ಮೂರು ವರ್ಷದಲ್ಲಿ ಆಗುತ್ತದೆ, ಕಾರಿರಬೇಕು, ಮನೆಯಲ್ಲಿ ಕಾಯುವವರು ಇರಬಾರದು ಎಂದ. ಜನ ನಕ್ಕರು. ನಾನು ನಗಲಿಲ್ಲ.

ನನ್ನ ಸರದಿ. ಕಾರ್ಯದರ್ಶಿ ಮೈಕು ಹಿಡಿದು, "ಸರ್, ನಿಮಗೆ ಎಷ್ಟು ವರ್ಷ ಬೇಕಾಯ್ತು?" ಎಂದ.

"ಮೂವತ್ತನಾಲ್ಕು ವರ್ಷ. ನಾನೂರ ಅರವತ್ತೈದು."

"ಎಂಬತ್ತೇಳು ಅಂದಿದ್ರಿ ಸರ್... ಡಾಕ್ಟರ ಜೊತೆ ಇನ್ನೂ ಆರು..."

"ಇಪ್ಪತ್ತೆರಡು ವಾಪಸ್ ತಗೊಂಡಿದೀನಿ. ಆ ಆರು ಬರೆದಿಲ್ಲ."

ಮುಂದಿನ ಸಾಲಿನ ಒಬ್ಬ ಟೀಚರಮ್ಮ ಎದ್ದು ಯಾಕೆ ಎಂದು ಕೇಳಿದರು. ಪಾಪ, ಕುತೂಹಲದಿಂದಲೇ.

"ನನ್ನ ಹೆಂಡತಿ ಅವನ್ನ ನೋಡಿರಲಿಲ್ಲ. ನೋಡಿದೆ ಅಂತ ಸುಳ್ಳು ಹೇಳಿದಳು."

ಯಾರೋ ಕಿಸಕ್ಕೆಂದರು. ಹೆಂಡತಿ ನೋಡದಿದ್ದರೆ ಇವರಿಗೇನು ಎಂದು ಇನ್ನೊಬ್ಬ. ಅಷ್ಟು ಸಾಕಾಯಿತು. ಮೈಕು ಕಿತ್ತುಕೊಂಡೆ. ಏನೇನು ಅಂದೆನೋ ಪೂರ್ತಿ ನೆನಪಿಲ್ಲ. ಐನೂರಂತೆ, ಐನೂರು, ಎಣಿಸುವುದಕ್ಕೆ ಹಕ್ಕಿಗಳೇನು ಗೋಲಿಗಳೇ, ಒಂದು ಹಕ್ಕಿಯನ್ನು ಇಬ್ಬರು ನೋಡುವುದು ಎಷ್ಟು ಕಷ್ಟ ಎಂದು ನಿಮ್ಮಲ್ಲಿ ಒಬ್ಬರಿಗಾದರೂ ಗೊತ್ತೇ ಎಂದೆ. ಆರ್ಡರ್ ಆರ್ಡರ್ ಎಂದೂ ಕೂಗಿದೆನಂತೆ. ಬೋರ್ಡಿನ ಪೆನ್ಸಿಲ್ ಗೆರೆಯನ್ನು ಅಂಗೈಯಿಂದ ಉಜ್ಜಿದೆ. ಅಳಿಸುವ ಬದಲು ಮಸಿಯಾಗಿ ಹರಡಿತು. ಫಿರಂಗಿಯ ಹೆಸರಿಗೂ ಕೈ ತಾಗಿ ಬಂಗಾರದ ಬಣ್ಣ ಮೆತ್ತಿಕೊಂಡಿತು. ಅವನು ಕರ್ಚೀಫು ಕೊಟ್ಟ.

ಅಳಿಯನ ಕಾರು. ಮಗಳು ಮುಂದೆ ಕೂತವಳು ತಿರುಗಿ ಶುರು ಮಾಡಿದಳು.

"ಅಷ್ಟು ಜನರ ಮುಂದೆ ಅಮ್ಮನ್ನ ಸುಳ್ಳಿ ಅಂದ್ರಲ್ಲ! ಬಾಯಿ ಹೇಗೆ ಬಂತು?"

"ಸುಳ್ಳು ಹೇಳಿದ್ದು ನಾನಾ?"

"ಆ ನತ್ತಿಂಗ ಹಕ್ಕಿ ನೋಡಿದ್ರಲ್ಲ, ಆ ಕಲ್ಲುಗುಡ್ಡದಲ್ಲಿ, ಸಂಜೆ. ನಾನೂ ಇದ್ದೆ. ಯಾರು ತೋರಿಸಿದ್ದು ಅದನ್ನ?"

"ನಾನೇ. ನೆಲದ ಮೇಲೆ ಒಣ ಎಲೆ ಥರ ಕೂತಿತ್ತು. ನಾನೇ ಬೈನಾಕ್ಯುಲರ್ ಹಿಡಿದು..."

"ಹಿಡಿದಿದ್ರಿ, ಆಕಾಶಕ್ಕೆ! ಅಮ್ಮ ನಿಮ್ಮ ಮೊಣಕೈ ಹಿಡಿದು ತಿರುಗಿಸಿದಳು. 'ರೀ, ಎಡಕ್ಕೆ. ಕೆಳಗೆ. ಇನ್ನೂ ಕೆಳಗೆ, ಬೇಲಿ ಬುಡದಲ್ಲಿ' ಅಂದಳು. ಅದು ಅಲ್ಲೇ ಕೂತು ಟಕ್ ಟಕ್ ಅಂತಿತ್ತು. ನಿಮಗೆ ಕೇಳ್ತಾನೇ ಇರಲಿಲ್ಲ. ಎಷ್ಟು ವರ್ಷ ಆಯ್ತು ಅಪ್ಪಾ ನಿಮಗೆ ಕಿವಿ ಮಂದ ಆಗಿ? ಅದನ್ನೂ ನಾವೇ ಹೇಳಬೇಕಾ?"

ಅಳಿಯ ಮೆಲ್ಲಗೆ "ಬಿಡೇ ಈಗ" ಎಂದ.

"ಇಲ್ಲ, ಹೇಳ್ತೀನಿ. ಆ ಇಪ್ಪತ್ತೆರಡನ್ನೂ ಮೊದಲು ಕಿವೀಲಿ ಹಿಡಿದವಳು ಅಮ್ಮ. ಇವರಿಗೆ ಕಂಡಿದ್ದು ಆಮೇಲೆ. ಸುಳ್ಳು ಲೆಕ್ಕ ಯಾರದು ಅಂತ ಇವರೇ ಹೇಳಲಿ!"

ಮನೆಗೆ ಬಂದು ಕೈ ಉಜ್ಜಿದೆ. ಅಂಟಿದ ಬಂಗಾರದ ಬಣ್ಣ ಸೀಮೆಎಣ್ಣೆಯಲ್ಲೂ ಹೋಗುತ್ತಿಲ್ಲ.

ಫೆಬ್ರವರಿ ೨೪

ಒಂದೊಂದಾಗಿ ನೆನಪಿಸಿಕೊಳ್ಳುತ್ತಿದ್ದೇನೆ. ಬಿದಿರ ಮೆಳೆಯ ನೊಣಹಿಡುಕ. ಮೊಣಕೈ. ಹಳೇ ಕ್ವಾರಿಯ ಗೂಬೆ. ಮೊಣಕೈ. ಸೇತುವೆ ಕೆಳಗಿನ ಮಿಂಚುಳ್ಳಿ. ಆಗ ಅವಳು ಕಣ್ಣು ಮುಚ್ಚಿಕೊಂಡು ಕೂತಿದ್ದಳು. ನಿದ್ದೆ ಮಾಡಲು ಇಷ್ಟು ದೂರ ಬರಬೇಕಿತ್ತೇ ಎಂದು ರೇಗಿದ್ದೆ. "ನೀರಿನ ಮೇಲೆ ಬಂತು, ನೋಡಿ" ಅಂದಳು. ನೋಡಿದೆ.

ಕೋಪ ಹೋಗಿಲ್ಲ. ಹೆಚ್ಚಾಗಿದೆ. ನನಗೆ ಕೇಳುವುದಿಲ್ಲ ಎಂದು ನನಗೆ ಹೇಳಬಾರದಿತ್ತೇ? ತನಗೆ ಕಾಣುವುದಿಲ್ಲ ಎಂದು ಹೇಳಬಾರದಿತ್ತೇ? ಎರಡು ವರ್ಷ ಒಬ್ಬ ಕಿವುಡ, ಒಬ್ಬಳು ಕುರುಡಿ, ಬಸ್ಸು ಹತ್ತಿ ಊರೂರು ಅಲೆದು ಹಕ್ಕಿ ನೋಡಿದ್ದೇವೆ. ಜೀವನದಲ್ಲಿ ಅಷ್ಟು ವೇಗವಾಗಿ ಎಂದೂ ಪಟ್ಟಿ ಬೆಳೆದಿರಲಿಲ್ಲ. ಇದನ್ನು ಅವಳೊಬ್ಬಳೇ ತಿಳಿದುಕೊಂಡು, ಒಬ್ಬಳೇ ನಕ್ಕಿರಬೇಕು. ನನಗೂ ಹೇಳಿದ್ದರೆ ನಾನೂ ನಗುತ್ತಿದ್ದೆ. ಇಲ್ಲ. ಕೂಗಾಡುತ್ತಿದ್ದೆ. ಆಮೇಲೆ ನಗುತ್ತಿದ್ದೆ.

ಫಿರಂಗಿಗೆ ಫೋನು ಮಾಡಿದೆ. ಬೋರ್ಡಿನ ಬಣ್ಣಕ್ಕೆ ಕ್ಷಮಿಸಿ ಎನ್ನಲು ಹೊರಟು, ಆ ಜೌಗಿಗೆ ನಾಡಿದ್ದು ಬೆಳಿಗ್ಗೆ ಕರೆದುಕೊಂಡು ಹೋಗಿಬಿಡಿ ಎಂದೆ. ಸ್ಪೀಕರ್ ತರಕೂಡದು ಎಂದೆ.

"ಕ್ಯಾಮೆರಾ?"

"ಅದೂ ಬೇಡ."

"ಮತ್ತೆ ನಾನು ಬಂದು ಏನ್ಮಾಡ್ಲಿ ಅಂಕಲ್?"

"ಕಾರಲ್ಲಿ ನಿದ್ದೆ ಮಾಡಿ."

ಫೆಬ್ರವರಿ ೨೬. ಬೆಳಕು ಹರಿಯುವ ಮೊದಲು. ಜೌಗಿನ ಬದು

ಮೊಣಕಾಲ ಮೇಲಿಟ್ಟುಕೊಂಡು ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಾದರೆ ಆಗಲಿ.

ಫಿರಂಗಿ ಕಾರಿನಲ್ಲಿ ನಿಜವಾಗಿಯೂ ಗೊರಕೆ ಹೊಡೆಯುತ್ತಿದ್ದಾನೆ. ಗಾಜು ಏರಿಸಿ ಬಂದೆ. ಕಾಲ ಕೆಳಗೆ ಥಂಡಿ. ಪಕ್ಕದಲ್ಲಿ ಅವಳ ಮಡಿಸುವ ಸ್ಟೂಲನ್ನೂ ಬಿಡಿಸಿ ಇಟ್ಟಿದ್ದೇನೆ. ಯಾಕೆ ಎಂದು ಕೇಳುವವರಿಲ್ಲ. ಕೇಳಿದರೆ ಬೈಯುತ್ತೇನೆ.

ಅವಳ ಹಾಗೆ ಕಣ್ಣು ಮುಚ್ಚಿ ಕೂತೆ. ಮೊದಲು ಏನೂ ಇಲ್ಲ. ಕಿವಿಯೊಳಗಿನ ಗುಂಯ್ ಮಾತ್ರ. ನನ್ನದೇ ಉಸಿರು. ಎದ್ದುಹೋಗೋಣ ಎನಿಸಿತು. ಎಷ್ಟು ಹೊತ್ತು ಕೂರುತ್ತಿದ್ದಳು ಹೀಗೆ! ಹುಲ್ಲಿಗೆ ಹುಲ್ಲು ತಾಗುವುದು. ಕಪ್ಪೆ. ದೂರದಲ್ಲಿ ನೀರಿಗೆ ಏನೋ ಇಳಿದದ್ದು.

ಆಮೇಲೆ ಬಂತು. ಬಾಚಣಿಗೆ. ಟ್ರ್‌ರ್...

ಹತ್ತಿರ. ಬಹಳ ಹತ್ತಿರ. ಸ್ಪೀಕರ್ ಇಲ್ಲ, ಯಾರೂ ಕರೆದಿಲ್ಲ. ತಾನಾಗಿ.

ಆ ಇಪ್ಪತ್ತೆರಡರ ಮೇಲಿನ ಕೆಂಪು ಗೆರೆಗಳಿಗೆ ನಿನ್ನೆ ರಾತ್ರಿ ಪಕ್ಕದಲ್ಲಿ ಸರಿ ಗುರುತು ಹಾಕಿದೆ. ಅವಳು ಕೇಳಿದಳು, ನಾನು ಕಂಡೆ. ಇಬ್ಬರೂ ಇದ್ದೆವು. ಸಂಘ ಏನು ಬೇಕಾದರೂ ಅಂದುಕೊಳ್ಳಲಿ.

ಇದು ನಾನೂರ ಎಂಬತ್ತೆಂಟು. ಹೆಸರು ಬರೆದೆ. ಜೌಗುಕೋಳಿ. ಪೆನ್ನು ನಿಲ್ಲಲಿಲ್ಲ. ಕಾಣಲಿಲ್ಲ, ಕೇಳಿದೆ. ಕೇಳುವುದು ಇಷ್ಟು ದಿನ ನಿನ್ನ ಪಾಲಿನ ಕೆಲಸ, ಈಗ ನಾನು ಮಾಡಿದ್ದೇನೆ. ನೋಡುವುದು ನಿನ್ನ ಪಾಲಿಗೆ. ನೋಡು. ನನಗೆ ಸುಳ್ಳು ಹೇಳಬೇಡ, ಕಂಡರೆ ಮಾತ್ರ ಕಂಡೆ ಅನ್ನು, ಇಲ್ಲದಿದ್ದರೆ ಈ ಸಲ ನಿಜವಾಗಿ...

ಮತ್ತೆ ಕೂಗಿತು. ಬಲಕ್ಕೆ. ಕೆಳಗೆ. ಇನ್ನೂ ಕೆಳಗೆ, ಹುಲ್ಲಿನ ಬುಡದಲ್ಲಿ ಏನೋ ಅಲುಗಾಡು...